ಜಹಾಂಗೀರ ಚಾಚಾನ ಮಹಡಿಯಿಂದ ಲಾಸ್ ಏಂಜಲೀಸ್‌ಗೆ

ನಮ್ಮ ಶಶಿಧರ ಕಾಕಾ ತನ್ನ ಆಯುಷ್ಯದಲ್ಲಿ ಕಾರಿನ ಎಡಗಡೆ ಕೂತಷ್ಟು ಬಲಗಡೆ ಕೂತವನಲ್ಲ. ಟಿಳಕವಾಡಿಯಲ್ಲಿ ಅವನದೊಂದು ಡ್ರೈವಿಂಗ್ ಸ್ಕೂಲು. ಕಲಿಯುವವರು ಬಲಗಡೆ ಕೂತು ಸ್ಟೇರಿಂಗ್ ಹಿಡಿದು ಬೆವರುವರು. ಕಾಕಾ ಎಡಗಡೆ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು ಲೋಕವನ್ನು ಕಾಪಾಡುವನು. ಬೆಳಗಾವಿಯಲ್ಲಿ ಇವತ್ತು ಜೀವಂತ ಓಡಾಡುತ್ತಿರುವ ಎಮ್ಮೆಗಳಲ್ಲಿ ಅರ್ಧದಷ್ಟು ಅವನ ಆ ಪಾದದ ಋಣದಲ್ಲಿವೆ ಎಂದು ಅವನೇ ಹೇಳುತ್ತಾನೆ.

ಇಂಥವನಿಗೆ ಅಮೇರಿಕಾದ ಹುಚ್ಚು ಹಿಡಿದದ್ದು ಎದುರುಮನೆಯ ಗುರುಪುತ್ರಪ್ಪನವರ ಟಿವಿಯಿಂದ. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಮಗಳ ಮನೆಗೆಂದು ಅಮೇರಿಕಾಕ್ಕೆ ಹೋಗಿ ಬಂದವರು. ಬಂದ ಮರುವಾರವೇ ಓಣಿಯವರನ್ನೆಲ್ಲ ಕರೆದು, ಕುಂದಾ ಕೊಟ್ಟು, ತಾವು ಹೋದ ಹಾದಿಯ ವಿಡಿಯೋ ಹಾಕಿದರು. ಹಾದಿ, ಹಾದಿ, ಮತ್ತೆ ಹಾದಿ. ಕುಂದಾ ಮುಗಿದರೂ ಹಾದಿ ಮುಗಿಯಲಿಲ್ಲ.

"ಚಿಕಾಗೋದಿಂದ ಲಾಸ್ ಏಂಜಲೀಸ್ ತನಕ ಕಾರಿನ್ಯಾಗ ಹೋದ್ವಿ," ಎಂದರು ಗುರುಪುತ್ರಪ್ಪನವರು. "ಎರಡು ಸಾವಿರ ಮೈಲು!"

"ಗಾಡಿ ಯಾರು ಹೊಡದ್ರು?" ಕಾಕಾ ಕೇಳಿದ. ಅದು ಅವನ ಕಸುಬಿನ ಪ್ರಶ್ನೆ.

"ಅಳಿಯ ಹೊಡದ್ರು."

"ನೀವ್ಯಾಕ ಹೊಡೀಲಿಲ್ಲ?"

"ಅಲ್ಲಿ ಸ್ಟೇರಿಂಗ್ ಎಡಕ್ಕ ಇರತೈತ್ರಿ ಶಶಿಧರವ್ರ. ನಮ್ಮಂಥವ್ರಿಗೆ ಆಗೂ ಮಾತಲ್ಲ."

ಆ 'ನಮ್ಮಂಥವರು' ಎನ್ನುವಾಗ ಅವರ ಕೈ ತಮ್ಮ ಎದೆಯ ಕಡೆ ಹೋಗದೆ ಕಾಕಾನ ಎದೆಯ ಕಡೆ ಬಂತು. ಕಾಕಾ ಎದ್ದು ನಿಂತ.

"ಎಡಕ್ಕ ಕುಂತ ಮಂದಿ ಅಂದ್ರ ನಾವರಿ! ನಾ ಎಡಕ್ಕ ಕುಂತು ಕುಂತು ಇಡೀ ಬೆಳಗಾವಿಗೆ ಗಾಡಿ ಕಲಿಸೇನಿ. ನಾ ಖರೇ ಅಂದ್ರ ಅಮೇರಿಕಾದಾಗ ಹುಟ್ಟಬೇಕಾದಾಂವ!"

"ಹಂಗಾದ್ರ ಹೋಗಿ ಹೊಡೀರಲ್ಲ."

"ಹೊಡೀತೀನಿ! ಚಿಕಾಗೋದಿಂದ ಲಾಸ್ ಏಂಜಲೀಸ್. ಅಳಿಯ ಇಲ್ಲದ!"

ಕಾಕಾನಿಗೆ ಮಗಳೂ ಇಲ್ಲ, ಅಳಿಯನೂ ಇಲ್ಲ. ಆದ್ದರಿಂದ ಆ ಕೊನೆಯ ಮಾತಂತೂ ಸತ್ಯವೇ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಕಾಂತಾ ಕಾಕು ಬಾಯಲ್ಲಿದ್ದ ಕುಂದಾವನ್ನು ಜಗಿಯುವುದನ್ನೇ ಮರೆತಳು.

ನಾನು ಇವರಿಬ್ಬರ ಮನೆಯಲ್ಲೇ ಬೆಳೆದವಳು. ರಾತ್ರಿ ಆಯಿಯ, ಅಂದರೆ ನನ್ನ ಅಜ್ಜಿ ಫಕೀರವ್ವನ, ಮಗ್ಗುಲಲ್ಲಿ ಮಲಗಿ ಕಥೆ ಕೇಳಿ ದೊಡ್ಡವಳಾದೆ. ಆಯಿಯ ಕಥೆಯಲ್ಲಿ ರಾಜಕುಮಾರ ಕುದುರೆ ಏರಿದನೆಂದರೆ, ನಾನು ಒಮ್ಮೆ ಮಗ್ಗುಲು ಬದಲಿಸುವುದರೊಳಗೆ ಮೂರು ಕಾಡು ದಾಟಿರುತ್ತಿದ್ದ. ಅವನು ಎಲ್ಲಿ ಊಟ ಮಾಡಿದ, ಕುದುರೆಗೆ ಎಲ್ಲಿ ಹುಲ್ಲು ಹಾಕಿದ ಎಂದು ಆಯಿ ಹೇಳಿದವಳಲ್ಲ, ನಾನು ಕೇಳಿದವಳಲ್ಲ. ಕಾಕಾ ಮಾತ್ರ ಅದನ್ನೇ ಕೇಳುವವನು. ಅಮೇರಿಕಾದ ದೊಡ್ಡ ನಕಾಶೆ ತಂದು ಗೋಡೆಗೆ ಹೊಡೆದ. ಚಿಕಾಗೋದಿಂದ ಲಾಸ್ ಏಂಜಲೀಸ್‌ವರೆಗೆ ಕೆಂಪು ದಾರ ಎಳೆದು, ನಿಲ್ಲುವ ಊರಿಗೊಂದು ಗುಂಡುಸೂಜಿ ಚುಚ್ಚಿದ. "ಟಲ್ಸಾಕ್ಕ ಚಾ. ಅಮರಿಲ್ಲೋದಾಗ ವಸ್ತಿ. ನಡುವ ರೊಟ್ಟಿ ಬುತ್ತಿ ಬಿಚ್ಚಾಕ ಒಂದ ಗಿಡದ ನೆಳ್ಳ ಬೇಕು. ಸಮ್ಮೂ, ನಿನ್ನ ಫೋನಿನ್ಯಾಗ ನೋಡು, ಟೆಕ್ಸಾಸ್‌ದಾಗ ಬೇವಿನ ಗಿಡ ಅದಾವೇನು?" ಎಂದು ನನ್ನನ್ನು ಕೇಳಿದ.

ಆರ್‌ಟಿಓದಲ್ಲಿ ಹೊರದೇಶದ ಡ್ರೈವಿಂಗ್ ಪರವಾನಗಿ ಕೇಳಲು ಹೋದಾಗ, ಗುಮಾಸ್ತರು ಇವನನ್ನು ಮೇಲಿಂದ ಕೆಳಗೆ ನೋಡಿ, "ಮೊದಲ ಖಾನಾಪುರಕ್ಕ ಒಮ್ಮೆ ನೀವೊಬ್ಬರೇ ಗಾಡಿ ಹೊಡಕೊಂಡ ಹೋಗಿ ಬರ್ರಿ," ಎಂದರಂತೆ. ಎಷ್ಟು ಒಳ್ಳೆಯ ಮಾತು! ಆಗ ಕೇಳಿದ್ದರೆ.

ಖಾನಾಪುರವೆಂದರೆ ಕಾಂತಾ ಕಾಕುವಿನ ತವರು. ಅಲ್ಲಿ ಅವಳ ಅಕ್ಕ ಮಾಯಕ್ಕ ಇದ್ದಾಳೆ. ತಾಯಿ ಸಣ್ಣ ವಯಸ್ಸಿನಲ್ಲೇ ಹೋದಮೇಲೆ ಕಾಕುವಿಗೆ ಹೆರಳು ಹಾಕಿದವಳು, ಸಾಲಿಗೆ ಕಳಿಸಿದವಳು, ಲಗ್ನ ಮಾಡಿಕೊಟ್ಟವಳು ಅವಳೇ. ಈ ಅಕ್ಕತಂಗಿಯರ ನಡುವೆ ಮಾತಿಲ್ಲದೆ ಬಹಳ ವರ್ಷವಾಗಿತ್ತು. ಕಾರಣ ಕಾಕಾನ ಪೇಟಾ. ಮಾಯಕ್ಕನ ಮಗಳು ಸಾಕ್ಷಿಯ ಲಗ್ನದಲ್ಲಿ ಎಲ್ಲರನ್ನೂ ನಿಲ್ಲಿಸಿ ದೊಡ್ಡ ಫೋಟೋ ತೆಗೆದರು. ಕಾಕಾ ಪೇಟಾ ಸುತ್ತಿಕೊಂಡು, ಎದೆ ಉಬ್ಬಿಸಿಕೊಂಡು, ನೇರ ಮಾಯಕ್ಕನ ಮುಂದೆ ನಿಂತ. ಫೋಟೋ ಕಟ್ಟು ಹಾಕಿಸಿ ತಂದಾಗ ಲಗ್ನದ ಯಜಮಾನತಿ ಎಲ್ಲಿಯೂ ಇಲ್ಲ; ಪೇಟಾದ ಬಾಜು ಬಳೆ ತುಂಬಿದ ಒಂದು ಕೈ ಮಾತ್ರ. ಕ್ಷಮೆ ಕೇಳು ಎಂದರೆ ಕಾಕಾ, "ಕೈ ಬಂದೈತಲ್ಲ, ಬಳಿ ಮ್ಯಾಲ ಗುರ್ತ ಹಿಡೀತಾರ," ಎಂದ. ಅಲ್ಲಿಗೆ ಮುಗಿಯಿತು.

ಅಂದಿನಿಂದ ಕಾಕು ಫೋನ್ ರಿಂಗಾದಾಗಲೆಲ್ಲ ಮೊದಲು ಹೆಸರು ನೋಡುವಳು, ಆಮೇಲೆ ಉಸಿರು ಬಿಡುವಳು. ಅವಳ ಅಮೇರಿಕಾ ಖಾನಾಪುರವೇ ಆಗಿತ್ತು. ಅದಕ್ಕೆ ಗೋಡೆಯ ಮೇಲೆ ನಕಾಶೆ ಇರಲಿಲ್ಲ, ಅಷ್ಟೇ.

ಇನ್ನು ಹೊರಡುವ ದಿನದ ಮಾತು. ಮುಂಬಯಿಯಲ್ಲಿ ವೀಸಾದ ಸಂದರ್ಶನಕ್ಕೆ ತಾರೀಖು ಬಂತು. ಆಯಿ ಕನ್ನಡಕ ಹಾಕಿಕೊಂಡು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು.

"ಅಮೇರಿಕಾ ಯಾವ ದಿಕ್ಕಿಗೆ ಐತಿ?"

"ಯಾವ ಕಡೆಯಿಂದ ಹೋದ್ರೂ ಬರತೈತಿ ಯವ್ವಾ. ಭೂಮಿ ದುಂಡಗೈತಿ," ಎಂದ ಕಾಕಾ.

"ಎರಡೂ ದಿಕ್ಕಿಗೆ ಇರೂ ಊರು ಒಳ್ಳೇದಲ್ಲ ಬಿಡು. ಪಡುವಣ ಅಂತ ಇಟಗೋ. ಪಡುವಣಕ್ಕ ಈ ಗುರುವಾರ ಬಿಟ್ರ ತಿಂಗಳತನಕ ದಿನ ಇಲ್ಲ. ನಿನ್ನ ಮುಂಬಯಿ ಮುಂದಿನ ವಾರ ಅಂತೀ. ಪರಸ್ಥಾನ ಇಡು."

ಪರಸ್ಥಾನವೆಂದರೆ ಹೀಗೆ: ಹೊರಡುವ ದಿನ ಕೆಟ್ಟದಿದ್ದರೆ, ಅದಕ್ಕೂ ಮುಂಚೆ ಒಳ್ಳೆಯ ದಿನ ನೋಡಿ, ಪ್ರಯಾಣದ ಗಂಟನ್ನು ಆ ದಿಕ್ಕಿನ ಯಾವುದಾದರೂ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟಿತೆಂದರೆ ಯಜಮಾನ ಹೊರಟಂತೆ. ನಮ್ಮ ಮನೆಗೆ ಪಡುವಣದಲ್ಲಿ ಗೋಡೆಗೆ ಹತ್ತಿ ಜಹಾಂಗೀರ ಚಾಚಾನ ಮನೆ. ಚಾಚಾ ಕ್ಯಾಂಪಿನಲ್ಲಿ ಫೌಜಿಗಳ ಸಮವಸ್ತ್ರ ಹೊಲಿಯುವವನು. ಗುರುವಾರ ಬೆಳಿಗ್ಗೆ ಕಾಕಾ ಹೊಸ ಗಾಲಿ ಸೂಟ್‌ಕೇಸಿನಲ್ಲಿ ತನ್ನ ಪ್ಯಾಂಟು, ಕಾಕುವಿನ ಸೀರೆ, ಅರಿಷಿಣಕೊಂಬು, ಹಿಡಿ ಅಕ್ಕಿ ಇಟ್ಟು, ಗಡಗಡ ಎಳೆದುಕೊಂಡು ಹೋಗಿ ಚಾಚಾನ ಪಡಸಾಲೆಯಲ್ಲಿ ನಿಲ್ಲಿಸಿ ಬಂದ. ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ಗುರುಪುತ್ರಪ್ಪನವರು ಕೈಮುಗಿದು, "ಹ್ಯಾಪಿ ಜರ್ನಿ," ಎಂದರು. ಸೂಟ್‌ಕೇಸಿಗೆ.

ಕಾಕಾ ಮನೆಗೆ ಮರಳಿ ಹೊಸ್ತಿಲಲ್ಲಿ ಕಾಲಿಡುವಷ್ಟರಲ್ಲಿ ಆಯಿ ಕಿರುಚಿದಳು.

"ಎಲ್ಲಿ ಬರ್ತೀಯೋ ಖೋಡಿ! ಗಂಟು ಹೊರಗ ಬಿದ್ದ ಮ್ಯಾಲ ಆಳು ಹೊಳ್ಳಿ ಒಳಗ ಬಂದ್ರ ಹಾದಿ ಮುಚ್ಚತೈತಿ! ಹೋಗಬೇಕು, ಮುಗಿಸ್ಕೊಂಡ ಒಳಗ ಬರಬೇಕು!"

ಕಾಕಾನ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಬ್ರೇಕಿನ ವಿಷಯದಲ್ಲಿ ಅವನ ಕಾಲು ಬಹಳ ಚುರುಕು. ಸೀರೆಯೂ ಅದೇ ಸೂಟ್‌ಕೇಸಿನಲ್ಲಿ ಹೋದ ತಪ್ಪಿಗೆ ಕಾಂತಾ ಕಾಕುವೂ ಕಟ್ಟೆಯ ಮೇಲಿನಿಂದಲೇ ಚಪ್ಪಲಿ ಕೇಳಿ ಪಡೆದು ಹೊರಟಳು. ಇಬ್ಬರೂ ಚಾಚಾನ ಮಹಡಿಯ ಖೋಲಿಗೆ ಬಂದಿಳಿದರು.

"ನಾಕ ದಿನದ ಮಾತ ಚಾಚಿ," ಎಂದ ಕಾಕಾ. ಚಾಚಾನ ಹೆಂಡತಿ ಅಖ್ತರಿ ಚಾಚಿ, "ಅರೇ, ನಿಮ್ಮದ ಮನಿ," ಎಂದಳು. ಆ ಮಾತನ್ನು ಇಷ್ಟು ಬೇಗ ಯಾರೂ ನಿಜ ಮಾಡಬಾರದು.

ಮುಂಬಯಿಯ ಕಿಟಕಿಯ ಮುಂದೆ ನಡೆದದ್ದನ್ನು ಕಾಕು ಆಮೇಲೆ ಹೇಳಿದಳು. ಒಳಗಿನ ಅಧಿಕಾರಿ ನಗುನಗುತ್ತಲೇ ಕೇಳಿದರಂತೆ: ಅಮೇರಿಕಾದಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಮತ್ತೆ ಯಾಕೆ ಹೋಗುತ್ತೀರಿ? ಎಡಗಡೆ ಕೂಡಲು. ಅಧಿಕಾರಿ ಪೆನ್ನು ಕೆಳಗಿಟ್ಟು ಕೊನೆಯ ಪ್ರಶ್ನೆ ಕೇಳಿದರು: ತಿರುಗಾಟ ಮುಗಿದ ಮೇಲೆ ನಿಮ್ಮ ಮನೆಗೆ ವಾಪಸು ಹೋಗುತ್ತೀರಿ ತಾನೆ?

ಸುಳ್ಳು ಹೇಳಬಾರದ ಜಾಗವೆಂದು ಕಾಕಾ ಕೈಕಟ್ಟಿ ನಿಂತು ಸತ್ಯ ಹೇಳಿದ. "ಮನಿಗೆ ಹೋಗಾಕ ಬರೂದಿಲ್ರಿ ಸಾಹೇಬ್ರ. ನಮ್ಮ ತಾಯಿ ಒಳಗ ಬಿಡೂದಿಲ್ಲ. ನಾವೀಗ ಬಾಜೂ ಮನ್ಯಾಗ ಅದೇವಿ."

ವೀಸಾ ಸಿಗಲಿಲ್ಲ.

ಬೆಳಗಿನ ಬಸ್ಸಿಗೆ ಇಬ್ಬರೂ ಮುಖ ಮುಚ್ಚಿಕೊಂಡು ಬಂದು ಮಹಡಿ ಏರಿದರು. ಅಷ್ಟರಲ್ಲಿ ಓಣಿಯಲ್ಲಿ ಒಂದು ಕೆಲಸ ಆಗಿಹೋಗಿತ್ತು. ಶಶಿಧರವರು ಹ್ವಾದ್ರೇನು ಎಂದು ಕೇಳಿದವರಿಗೆಲ್ಲ ಆಯಿ, "ಗುರುವಾರನ ಹೊರಬಿದ್ದಾರ," ಎಂದಿದ್ದಳು. ಶಾಸ್ತ್ರದ ಪ್ರಕಾರ ಅದು ಸರಿಯಾದ ಉತ್ತರ. ಓಣಿಯ ಪ್ರಕಾರ ಅವರು ಅಮೇರಿಕಾದಲ್ಲಿದ್ದರು. ಗುರುಪುತ್ರಪ್ಪನವರು ಓಣಿಯ ವಾಟ್ಸಾಪ್ ಗುಂಪಿನಲ್ಲಿ, 'ಶಶಿಧರವರೇ, ಚಿಕಾಗೋ ಹೇಗಿದೆ?' ಎಂದು ಕೇಳಿಯೂ ಬಿಟ್ಟಿದ್ದರು.

ಕಾಕಾ ಅದನ್ನು ಓದಿದ. ಆಮೇಲೆ ನನ್ನನ್ನು ಕರೆದ. "ಸಮ್ಮೂ, ನೀ ಛಲೋ ಬರೀತಿ. ಎರಡ ಸಾಲ ಬರಿ. ತಂಪ ಐತಿ ಅಂತ ಬರಿ."

ಎರಡು ಸಾಲು ಬರೆದು ಕೊಟ್ಟೆ. ಮರುದಿನ ನಾಲ್ಕು. ಮಿಸ್ಸಿಸಿಪ್ಪಿ ದಾಟಿಸುವಾಗ ನನಗೆ ತಡೆಯಲಾಗಲಿಲ್ಲ. 'ನದಿ ಎಷ್ಟು ಅಗಲವೆಂದರೆ ಈ ದಡದಲ್ಲಿ ಮಧ್ಯಾಹ್ನ, ಆ ದಡದಲ್ಲಿ ಸಂಜೆ' ಎಂದು ಬರೆದೆ. ಓಣಿಯವರೆಲ್ಲ ಕೈಮುಗಿದ ಚಿತ್ರ ಹಾಕಿದರು. ಗುರುಪುತ್ರಪ್ಪನವರು ಮಾತ್ರ, 'ನಾವು ನೋಡುವಾಗ ಎರಡೂ ಕಡೆ ಮಧ್ಯಾಹ್ನವೇ ಇತ್ತು. ಫೋಟೋ ಹಾಕಿರಿ' ಎಂದರು. ಕಾಕಾ ಒಂದು ಚಹಾ ಕಪ್ಪಿನ ಫೋಟೋ ಹಾಕಿ 'ಅಮೇರಿಕಾದ ಚಹಾ' ಎಂದ. ಅಖ್ತರಿ ಚಾಚಿ ಅದನ್ನು ನೋಡಿ ಮಹಡಿ ಹತ್ತಿ ಬಂದಳು.

"ಇದು ನನ್ನ ಕಪ್ಪು! ಕಪ್ಪು ಅಮೇರಿಕಾಕ್ಕ ಹೋತು, ನಾ ಇಲ್ಲೇ ಮುಸರಿ ತಿಕ್ಕಾಕತ್ತೇನಿ! ಕಾಂತಾ ಭಾಭೀ, ಇನ್ನ ಎಷ್ಟ ದಿನರಿ ಇದು? ನಿಮ್ಮ ಯಜಮಾನ್ರು ಅಲ್ಲಿ ಟೈಮ್ ಅಂತ ಹಗಲೆಲ್ಲಾ ಮಲಗತಾರ. ನಾ ನಾಷ್ಟಾ ಯಾವಾಗ ಮಾಡ್ಲಿ, ಊಟ ಯಾವಾಗ ಮಾಡ್ಲಿ?"

"ಸುಮ್ನಿರು," ಎಂದ ಹಿಂದಿನಿಂದ ಜಹಾಂಗೀರ ಚಾಚಾ. "ಅಂವಾ ಈಗ ಓಕ್ಲಾಹೋಮಾದಾಗ ಅದಾನ. ನಾಳೆ ಊರ ಬದಲ್ಯಾಗತೈತಿ." ಚಾಚಾನಿಗೆ ಈ ಪ್ರವಾಸ ಬಹಳ ಹಿಡಿಸಿತ್ತು. ಗೋಡೆಯ ನಕಾಶೆಯನ್ನು ನನ್ನ ಕೈಯಲ್ಲಿ ತರಿಸಿ, ತಾನೇ ಅಳತೆಯ ಟೇಪು ಹಿಡಿದು ಆ ಖೋಲಿಯ ಗೋಡೆಗೆ ಹಚ್ಚಿಸಿದ್ದ.

ಅವರು ಅಮರಿಲ್ಲೋದಲ್ಲಿದ್ದ ದಿನ ಬೆಳಿಗ್ಗೆ ಕಾಂತಾ ಕಾಕುವಿನ ಫೋನು ರಿಂಗಾಯಿತು. ಅವಳು ಹೆಸರು ನೋಡಿದಳು. ಉಸಿರು ಬಿಡಲಿಲ್ಲ. ಮಾಯಕ್ಕ.

"ಕಾಂತೀ? ಏ ಕಾಂತೀ, ಕೇಳತೈತೇನು? ಅಷ್ಟ ದೂರ ಹೋಗೀದಿ, ಒಂದ ಮಾತ ಹೇಳಿ ಹೋಗಬಾರದಾ? ಊರ ಮಂದಿ ಬಾಯಾಗ ಕೇಳಬೇಕಾತು ನನಗ."

ಕಾಕು ಫೋನನ್ನು ಕಿವಿಗೆ ಒತ್ತಿಕೊಂಡಳು. ಮಾಯಕ್ಕನೇ ಮಾತಾಡಿದಳು. ಸಾಕ್ಷಿ ಬಸುರಿ. ಏಳು ತಿಂಗಳಾಯಿತು. ಶುಕ್ರವಾರ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದಾಳೆ. "ಹಸರ ಸೀರಿ ನೀನ ಉಡಸ್ತಿ ಅಂತ ತಂದಿಟ್ಟಿದ್ನಿ. ನಮ್ಮವ್ವ ಇದ್ದಿದ್ರ ಅಕಿ ಉಡಸ್ತಿದ್ಲು. ಈಗ ಯಾರ ಅದಾರ ನಮಗ? ಹಳೇದೆಲ್ಲಾ ಸುಟ್ಟ ಹೋಗ್ಲಿ."

ಅದೇ ಹೊತ್ತಿಗೆ ಕೆಳಗೆ ಓಣಿಯಲ್ಲಿ ಪಲ್ಲೆ ಮಾರುವವಳು ಹಾದುಹೋದಳು. "ಮೆಂತೇ ಪಲ್ಲೇ... ತಾಜಾ ಮೆಂತೇ..."

"ಅಲ್ಲೂ ಮೆಂತೆ ಮಾರತಾರೇನು?" ಮಾಯಕ್ಕ ಬೆರಗಾದಳು. "ಅಲ್ಲಿ ಈಗ ರಾತ್ರಿ ಅಂತಾರಲ್ಲ?"

ಕಾಕಾ ಫೋನು ಕಸಿದುಕೊಂಡ. "ಟಿವಿರಿ ಅಕ್ಕಾರ! ನಮ್ಮ ಊರಿನ ವಿಡಿಯೋ ಹಚ್ಚೇವಿ. ನೆನಪಾಗತೈತಿ ನೋಡ್ರಿ!"

ಮಾಯಕ್ಕನ ದನಿ ಕರಗಿತು. "ಪಾಪ! ಅಷ್ಟ ದೂರ ಕುಂತು ಊರ ನೋಡಾಕತ್ತೀರಿ. ಇರ್ಲಿ ಬಿಡ್ರಿ. ಕಾಂತಿ ಬರೂತನಕ ಕುಬಸ ಮುಂದ ಹಾಕತೀನಿ. ಒಂಬತ್ತರಾಗೂ ಮಾಡತಾರ. ಅಕಿ ಬರ್ಲಿ."

ಫೋನಿಟ್ಟ ಮೇಲೆ ಕಾಂತಾ ಕಾಕು ಎದ್ದು ಚಪ್ಪಲಿ ಮೆಟ್ಟಿದಳು. "ಏಳ್ರಿ. ಖಾನಾಪುರ ಬಸ್ಸು ತಾಸಿಗೊಂದ ಐತಿ."

"ಹುಚ್ಚಿ ಇದ್ದೀಯೇನು? ಅಮರಿಲ್ಲೋದಾಗ ಇದ್ದಾಕಿ ಮಧ್ಯಾಹ್ನ ಖಾನಾಪುರದಾಗ ಹೆಂಗ ಇಳೀತಿ? ಗುರುಪುತ್ರಪ್ಪ ನನ್ನ ಓಣ್ಯಾಗ ತಿರುಗಾಡಾಕ ಬಿಡತಾನೇನು? ಲಾಸ್ ಏಂಜಲೀಸ್ ಮುಟ್ಟಲಿ. ಅಲ್ಲಿಂದ ವಿಮಾನ ಹತ್ತಿ, ಇಳದ, ಹೂವಿನಂಗ ಹೋಗೂಣು. ಯವ್ವನೂ ಅಂದಾಳ, ಮುಗಿಸ್ಕೊಂಡ ಒಳಗ ಬರಬೇಕಂತ."

"ಎಷ್ಟ ದಿನ ಆಗತೈತಿ?"

ಕಾಕಾ ನಕಾಶೆಯ ಮುಂದೆ ನಿಂತು ಗೇಣು ಹಾಕಿದ. ಅರಿಜೋನಾದ ದೊಡ್ಡ ಕಣಿವೆ ನೋಡಲು ಒಂದು ದಿನ ಸೇರಿಸಿದ. ಕಾಕು ಆ ಗುಂಡುಸೂಜಿ ಕಿತ್ತೆಸೆದಳು.

"ಕಣಿವಿ ಬ್ಯಾಡ. ರಾತ್ರಿನೂ ಗಾಡಿ ಹೊಡೀರಿ."

"ರಾತ್ರಿ ಹೊಡದ್ರ ತೂಕಡಿಕಿ ಬರತೈತಿ. ನಾನ ಪಾಠ ಮಾಡೂದು, ನಾನ ತಪ್ಪಲೇನು?"

"ಜೋರ ಹೊಡೀರಿ!"

"ಅಲ್ಲಿ ಸ್ಪೀಡ್ ಲಿಮಿಟ್ ಐತಿ ಕಾಂತಾ! ಹಗಲ ರಾತ್ರಿ ಹೊಡದು ಎರಡ ದಿನಕ್ಕ ಮುಟ್ಟಿದ್ರ ಗುರುಪುತ್ರಪ್ಪ ಲೆಕ್ಕಾ ಹಾಕಿ ಕೇಳತಾನ. ನನ್ನ ಸ್ಕೂಲಿನ ಹೆಸರು ಏನಾಗಬೇಕು?"

ಹೀಗೆ, ಇಲ್ಲದ ಹಾದಿಯಲ್ಲಿ, ಇಲ್ಲದ ಗಾಡಿಯನ್ನು, ಇರುವ ಎಲ್ಲ ಕಾನೂನಿಗೂ ಒಳಪಟ್ಟು ಕಾಕಾ ನಿಧಾನ ಹೊಡೆದ. ನಾನು ಇವತ್ತಿಗೂ ಅದನ್ನೇ ನೆನೆಯುತ್ತೇನೆ. ಸುಳ್ಳನ್ನಾದರೂ ಸ್ವಲ್ಪ ಜೋರಾಗಿ ಓಡಿಸಿದ್ದರೆ! ನ್ಯೂ ಮೆಕ್ಸಿಕೋದಲ್ಲಿ ಗಾಡಿ ಪಂಕ್ಚರ್ ಆಯಿತು ಎಂದೂ ಬರೆಸಿದ. ಯಾಕೆಂದು ಕೇಳಿದರೆ, "ಎರಡ ಸಾವಿರ ಮೈಲಿನ್ಯಾಗ ಒಂದರೇ ಆಗಬೇಕಲ್ಲ, ಇಲ್ಲಾಂದ್ರ ಖರೇ ಅನಸೂದಿಲ್ಲ," ಎಂದ. ಆ ಪಂಕ್ಚರಿಗೆ ಒಂದು ದಿನ ಹೋಯಿತು.

ಕಾಂತಾ ಕಾಕು ದಿನವೂ ಎದ್ದು ಗುಂಡುಸೂಜಿಯನ್ನು ಒಂದಿಷ್ಟು ಮುಂದೆ ಚುಚ್ಚಿ ಇಡುವಳು. ಕಾಕಾ ಎದ್ದು ಅದನ್ನು ಹಿಂದೆ ಸರಿಸುವನು.

ಕ್ಯಾಲಿಫೋರ್ನಿಯಾದ ಗಡಿ ಇನ್ನೂ ಒಂದು ಬೆರಳು ದೂರವಿದ್ದಾಗ, ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಮಾಯಕ್ಕ ಇಳಿದಳು. ಸೆರಗು ಎಲ್ಲೋ, ಕೂದಲು ಎಲ್ಲೋ.

"ಫಕೀರವ್ವಾರ, ಸಾಕ್ಷಿಗೆ ಬ್ಯಾನಿ ಎದ್ದಾವ್ರಿ! ದಿನ ಇನ್ನೂ ತುಂಬಿಲ್ಲ. ಖಾನಾಪುರದಾಗ ಬೆಳಗಾವಿಗೆ ಒಯ್ರಿ ಅಂದ್ರು. ಈಗ ಆಸ್ಪತ್ರ್ಯಾಗ ಮಲಗಿಸಿ ಬಂದೇನಿ. ಒಂದೀಟ ಬಿಸಿನೀರ ಕೊಡ್ರಿ, ಹಳೇ ಮೆತ್ತನ್ನ ಸೀರಿ ಇದ್ರ ಕೊಡ್ರಿ. ಗಡಿಬಿಡ್ಯಾಗ ಏನೂ ತಂದಿಲ್ಲ..." ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. "ನಮ್ಮ ಕಾಂತಿ ಇದ್ದಿದ್ರ ಚಿಂತಿ ಇರ್ತಿರ್ಲಿಲ್ಲರಿ. ಅಕಿ ಎಲ್ಲಿ ಅದಾಳೋ, ಯಾವ ದೇಶದಾಗ ಅದಾಳೋ."

ಆಗ ಪಕ್ಕದ ಮಾಳಿಗೆಯ ಮೇಲಿಂದ ದನಿ ಬಂತು.

"ಅಕ್ಕಾ!"

ಕಾಂತಾ ಕಾಕು ಅಖ್ತರಿ ಚಾಚಿಯ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಹಿಂದೆ ಕಾಕಾ ಬಗ್ಗಿ ಕೂತು ಅವಳ ಸೆರಗು ಜಗ್ಗುತ್ತಿದ್ದ. "ಸುಮ್ನಿರು! ಅರಿಜೋನಾದಾಗ ಅದೇವಿ! ಅರಿಜೋನಾ!" ಅವನ ಪಿಸುಮಾತು ಓಣಿಗೆಲ್ಲ ಕೇಳಿಸಿತು. ಕಾಕು ಸೆರಗು ಕಿತ್ತುಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿಬಂದಳು. ಮೆಣಸಿನಕಾಯಿಯ ಕೈಯಿಂದ ಕಣ್ಣೊರೆಸಿಕೊಂಡದ್ದರಿಂದ ಇನ್ನಷ್ಟು ನೀರು ಬಂತು.

ಮಾಯಕ್ಕ ಮಾಳಿಗೆ ನೋಡಿದಳು. ತಂಗಿಯ ಬರಿಗಾಲು ನೋಡಿದಳು. ಲುಂಗಿ ಕಟ್ಟಿಕೊಂಡು ಹಿಂದೆಯೇ ಓಡಿಬಂದ ಕಾಕಾನನ್ನು ನೋಡಿದಳು. ಓಣಿಯವರು ಒಬ್ಬೊಬ್ಬರೇ ಬಾಗಿಲಿಗೆ ಬರುತ್ತಿದ್ದರು. ಗುರುಪುತ್ರಪ್ಪನವರಂತೂ ಕುರ್ಚಿಯನ್ನೇ ತಂದು ಹಾಕಿಕೊಂಡರು.

"ಅಕ್ಕಾ, ನಾ ಎಲ್ಲೂ..." ಕಾಕು ಶುರು ಮಾಡಿದಳು.

"ಈಗ ಬಂದ್ವ್ರಿ ಅಕ್ಕಾರ!" ಕಾಕಾ ಅಡ್ಡಬಂದ. "ಸೀದಾ ವಿಮಾನದಿಂದ! ಇನ್ನೂ ಗಾಡಿ ಸಪ್ಪಳ ಕಿವ್ಯಾಗ ಐತಿ!"

ಮಾಯಕ್ಕ ಕಣ್ಣೊರೆಸಿಕೊಂಡಳು. ಸೆರಗು ಸರಿಮಾಡಿಕೊಂಡಳು. ನಾವೆಲ್ಲ ಬೈಗುಳಕ್ಕೆ ಕಾದೆವು. ಕಾಂತಾ ಕಾಕು ತಲೆ ತಗ್ಗಿಸಿ ಹೊಡೆತಕ್ಕೇ ಕಾದಳು.

"ಹೌದ್ರಿ?" ಎಂದಳು ಮಾಯಕ್ಕ ಮೆತ್ತಗೆ. "ಬಾಳ ದೂರದಿಂದ ಬಂದೀರಿ. ದಣಿದಿರತೀರಿ. ಮಲಕೋರಿ."

"ಅಕ್ಕಾ, ನಾ ಆಸ್ಪತ್ರಿಗೆ ಬರತೀನಿ."

"ಬ್ಯಾಡ್ರಿ. ಅಷ್ಟ ದೂರದಿಂದ ಬಂದವ್ರಿಗೆ ಯಾಕ ತ್ರಾಸು?"

ಆಯಿ ತಂದುಕೊಟ್ಟ ಬಿಸಿನೀರಿನ ಥರ್ಮಾಸನ್ನೂ ಹಳೇ ಸೀರೆಯನ್ನೂ ತೆಗೆದುಕೊಂಡು ಅವಳು ಆಟೋ ಹತ್ತಿದಳು. ಕಾಂತಾ ಕಾಕು ಆಟೋದ ಹಿಂದೆ ಮೂಲೆಯ ತನಕ ಓಡಿದಳು. ಅವತ್ತು ಸಂಜೆ ಕೂಸು ಹುಟ್ಟಿತು. ಹೆಣ್ಣು. ಸಣ್ಣದಿದ್ದರೂ ಗಟ್ಟಿಯಾಗಿತ್ತು. ಸಾಕ್ಷಿ ಹಸಿರು ಸೀರೆ ಉಡಲಿಲ್ಲ. ಕುಬಸ ಕಾದದ್ದು ಕಾಂತಾ ಕಾಕುವಿಗಾಗಿ. ಕೂಸು ಯಾರಿಗಾಗಿಯೂ ಕಾಯಲಿಲ್ಲ.

ಆಯಿ ಕಟ್ಟೆಯ ಮೇಲೆ ಕೂತು ಮಗನನ್ನು ಬೈದಳು. "ನಾ ಹೇಳಿದ ಮಾತೊಳಗ ಇದೊಂದ ಹಿಡ್ಕೊಂಡ ಕುಂತ್ಯಾ? ಬಸಿರು ಬಾಣಂತನಕ್ಕ ಯಾವ ಪರಸ್ಥಾನಾನೂ ಅಡ್ಡ ಬರೂದಿಲ್ಲೋ! ಬಂದು ಕೇಳಿದ್ರ ಹೇಳತಿದ್ನಿ."

"ನೀ ಒಳಗ ಬಿಡತಿರಲಿಲ್ಲಲ್ಲ ಯವ್ವಾ. ಹೆಂಗ ಬಂದ ಕೇಳ್ಲಿ?" ಎಂದ ಕಾಕಾ ಓಣಿಯಲ್ಲಿ ನಿಂತು. ಆಯಿ ಕಟ್ಟೆಯಿಂದ ಎದ್ದಳು. "ಒಳಗ ಬಾ," ಎಂದಳು.

ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಮಾಯಕ್ಕನೇ ಫೋನು ಮಾಡಿ ಕಾಕಾನ ಜೊತೆ ಮಾತಾಡಿದಳು. ಇಬ್ಬರೂ ತಪ್ಪದೆ ಬರಬೇಕು, ನಿಮಗೆ ಅನುಕೂಲವಿದ್ದರೆ ಮಾತ್ರ, ಎಂದಳು. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಹೊರಟೆವು. ಕಾಕಾ ಅವತ್ತು ಬಲಗಡೆ ಕೂತು ತಾನೇ ಹೊಡೆದ. ಪೀರನವಾಡಿ ದಾಟಿತು, ಮಚ್ಚೆ ದಾಟಿತು. ಕಾಂತಾ ಕಾಕು ಉಡಿಯಲ್ಲಿ ಕೂಸಿನ ಕುಲಾವಿ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಖಾನಾಪುರದ ಮನೆಗಳು ಕಂಡಾಗ ಒಂದೇ ಮಾತು ಆಡಿದಳು: "ಬಂದ ಬಿಡ್ತಾ?"

ಮನೆ ತುಂಬ ಮಂದಿ. ಒಳಗೆ ಹೆಂಗಸರೆಲ್ಲ ನೆಲದ ಮೇಲೆ ಗುಂಪಾಗಿ ಕೂತು ಕೊಬ್ಬರಿ ತುರಿಯುತ್ತ, ಕೂಗಾಡುತ್ತ, ನಗುತ್ತ ಇದ್ದರು. ನಮಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಬೆನ್ನಿಗೆ ಫ್ಯಾನು ಹಚ್ಚಿದರು. ಬಾಟಲಿಯ ನೀರು ತಂದುಕೊಟ್ಟರು, ಹೊರದೇಶಕ್ಕೆ ಹೋಗಿಬಂದವರಿಗೆ ನಮ್ಮ ಬಾವಿಯ ನೀರು ಒಗ್ಗಲಿಕ್ಕಿಲ್ಲ ಎಂದರು. ಕಾಂತಾ ಕಾಕು ಬಾಟಲಿ ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಅವಳು ಲಂಗ ಉಟ್ಟು ಓಡಾಡಿದ ಅಡುಗೆಮನೆ ಅದು.

"ಅಕ್ಕಾ, ಉಳ್ಳಾಗಡ್ಡಿ ಹೆಚ್ಚಲೇನು?"

"ಛೇ ಛೇ!" ಮಾಯಕ್ಕ ಎದ್ದು ನಿಂತಳು. "ನೀವ್ಯಾಕ್ರಿ? ಹೊರಗ ಕುಂದರ್ರಿ. ಒಳಗ ಹೊಗಿ ಐತಿ."

ಕೂಸಿನ ಕಿವಿಯಲ್ಲಿ ಹೆಸರು ಕೂಗಲು ಸಾಕ್ಷಿಯ ಅತ್ತೆಯ ಕಡೆಯ ಯಾರನ್ನೋ ಕರೆದರು. ಕಾಂತಾ ಕಾಕು ಕುರ್ಚಿಯಿಂದ ಅರ್ಧ ಎದ್ದವಳು ಮತ್ತೆ ಕೂತಳು. ಕುಲಾವಿಯನ್ನು ಮಾಯಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, "ಅಮೇರಿಕಾದ್ದು," ಎಂದು ಎಲ್ಲರಿಗೂ ತೋರಿಸಿ, ಗೂಟಕ್ಕೆ ತೂಗುಹಾಕಿದಳು. ಅದನ್ನು ಕಾಕು ಅಖ್ತರಿ ಚಾಚಿಯ ಹತ್ತಿರ ಕೂತು ತನ್ನ ಕೈಯಿಂದಲೇ ಹೊಲಿದಿದ್ದಳು.

ಊಟಕ್ಕೆ ಕೂತಾಗ ಕಾಕಾನ ಸುತ್ತ ಊರಿನ ಹಿರಿಯರು ಸೇರಿದರು. ಬಿಳಿಮೀಸೆಯ ಒಬ್ಬರು ಕೇಳಿದರು: "ಖರೇ ಹೇಳ್ರಿ ಶಶಿಧರವ್ರ, ಅಲ್ಲಿ ರಸ್ತಾ ಹೆಂಗ ಅದಾವು?"

ಕಾಕಾ ತನ್ನ ಕೈ ನೋಡಿಕೊಂಡ. ಕಾಂತಾ ಕಾಕುವಿನ ಮುಖ ನೋಡಿದ. ಆಮೇಲೆ ಮಾಯಕ್ಕನಿಗೆ ಕೇಳುವಂತೆ, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದ.

"ಗೊತ್ತಿಲ್ರಿ. ನಾವು ಹೋಗೇ ಇಲ್ಲ. ಬಾಜೂ ಮನಿ ಮಹಡಿ ಮ್ಯಾಲ ಅಡಗಿ ಕುಂತಿದ್ವಿ. ಕಾಂತಾ ದಿನಾ ಬರತೀನಿ ಅಂತಿದ್ಲು. ನಾನ ಬಿಡಲಿಲ್ಲ."

ಬಿಳಿಮೀಸೆಯವರು ತೊಡೆ ತಟ್ಟಿಕೊಂಡು ನಕ್ಕರು. ಪಡಸಾಲೆಯೆಲ್ಲ ನಕ್ಕಿತು. "ಏನ್ ಚ್ಯಾಷ್ಟಿ ಮಾಡತಾರಪಾ! ಇಷ್ಟ ದೊಡ್ಡ ತಿರುಗಾಟ ಮಾಡಿ ಬಂದ್ರೂ ಒಂದೀಟ ಸೊಕ್ಕಿಲ್ಲ ನೋಡ್ರಿ!"

ಮಾಯಕ್ಕ ನಗಲಿಲ್ಲ. ಬುಟ್ಟಿ ಹಿಡಿದು ಸಾಲಿನ ತುದಿಯಿಂದ ಬಡಿಸುತ್ತ ಬಂದಳು. ಕಾಂತಾ ಕಾಕು ಅನ್ನ ಸಾರು ಕಲಸಿ, ತುತ್ತು ಕೈಯಲ್ಲೇ ಹಿಡಿದು, ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಮಾಯಕ್ಕ ಅವಳ ಮುಂದೆ ನಿಂತಳು. ಏನೋ ಹೇಳುವಂತೆ ಬಗ್ಗಿದಳು. ಆಮೇಲೆ ಸೊಂಟದ ಸೆರಗಿನಿಂದ ಸಾಲಿನಲ್ಲಿ ಬೇರೆ ಯಾರಿಗೂ ಇಡದ ಒಂದು ಚಮಚ ತೆಗೆದು, ಒರೆಸಿ, ತಂಗಿಯ ತಾಟಿನ ಬಾಜು ಇಟ್ಟು ಮುಂದಿನವರ ಕಡೆ ಹೋದಳು.